ಜೆಂಟೂ ಲಿನಕ್ಸಿನಲ್ಲಿ ಸಿದ್ಧ ಪ್ಯಾಕೇಜುಗಳು: ಒಂದು ವಿಮರ್ಶೆ

ಗಣಕಯಂತ್ರದಲ್ಲಿ ತಂತ್ರಾಂಶವನ್ನು ನೆಲೆಗೊಳಿಸುವ ಮಾರ್ಗಗಳು ಎರಡು. ಮೂಲ ಸಂಕೇತವನ್ನು ತಂದು ಆ ಯಂತ್ರದಲ್ಲಿಯೇ ಕಂಪೈಲ್ ಮಾಡುವುದು ಒಂದು. ಬೇರೆಡೆ ಕಟ್ಟಿದ ಪ್ಯಾಕೇಜನ್ನು ಇಳಿಸಿಕೊಳ್ಳುವುದು ಇನ್ನೊಂದು. 2002ರಲ್ಲಿ ಮೊದಲ ಆವೃತ್ತಿ ಹೊರಬಂದ ಜೆಂಟೂ ಲಿನಕ್ಸ್ ಮೊದಲನೆಯ ಮಾರ್ಗಕ್ಕೆ ಹೆಸರಾದುದು. 2023ರ ಡಿಸೆಂಬರಿನಲ್ಲಿ ಅದು ಸಿದ್ಧ ಪ್ಯಾಕೇಜುಗಳನ್ನೂ ವ್ಯಾಪಕವಾಗಿ ಒದಗಿಸತೊಡಗಿತು. ಇದು ಸ್ವಧರ್ಮತ್ಯಾಗವೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ವಸ್ತುತಃ ಇಲ್ಲಿ ಪೂರ್ಣ ಶುದ್ಧಿ ಹಿಂದೆಯೂ ಇರಲಿಲ್ಲ. ಜೆಂಟೂವಿನ ಸ್ಥಾಪನೆ ಆರಂಭವಾಗುವುದೇ 'ಸ್ಟೇಜ್ 3' ಎಂಬ ಸಿದ್ಧ ಕಟ್ಟಿನಿಂದ. ಕಂಪೈಲರೂ ಅದರೊಳಗೇ ಬರುತ್ತದೆ. ಕಂಪೈಲರೇ ಕೆಟ್ಟಿದ್ದರೆ ಮೂಲವನ್ನು ಎಷ್ಟು ಓದಿದರೂ ಮೋಸವು ಕಾಣದೆಂಬುದನ್ನು ಕೆನ್ ಥಾಂಪ್ಸನ್ನರು 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಉಪನ್ಯಾಸದಲ್ಲಿ ತೋರಿಸಿಕೊಟ್ಟಿದ್ದಾರೆ. ಆದುದರಿಂದ ಶುದ್ಧಿಯ ವಾದ ನಿಲ್ಲತಕ್ಕದ್ದಲ್ಲ.

ಹೊಂದಾಣಿಕೆಯ ಆಕ್ಷೇಪ ಇದಕ್ಕಿಂತ ಪ್ರಬಲವಾದುದು. ಸಿದ್ಧ ಪ್ಯಾಕೇಜು ತಾನು ಕಟ್ಟಲ್ಪಟ್ಟಾಗ ಇದ್ದ ಲೈಬ್ರರಿಗಳನ್ನೇ ನಿರೀಕ್ಷಿಸುತ್ತದೆ. ಅವು ಬೇರೆಯಾದರೆ ಕಾರ್ಯಕ್ರಮ ಆರಂಭವಾಗದೆಯೂ ಹೋಗಬಹುದು. ಜೆಂಟೂವಿನ ಪೋರ್ಟೇಜ್ ವ್ಯವಸ್ಥೆ ಪ್ಯಾಕೇಜಿನ ಅವಲಂಬನೆಗಳನ್ನೂ 'ಯೂಸ್' ಆಯ್ಕೆಗಳನ್ನೂ ದಾಖಲಿಸುತ್ತದೆ. ಆ ಆಯ್ಕೆಗಳು ಬಳಕೆದಾರನವುಗಳೊಡನೆ ಹೊಂದದಿದ್ದರೆ ಸಾಮಾನ್ಯವಾಗಿ ಮೂಲದಿಂದಲೇ ಕಟ್ಟುತ್ತದೆ. ಇದು ಮೆಚ್ಚತಕ್ಕ ಏರ್ಪಾಡು. ಆದರೆ ಕಂಪೈಲರಿಗೆ ಕೊಟ್ಟ ಸೂಚನೆಗಳನ್ನು ಅದು ಹೀಗೆ ಹೋಲಿಸುವುದಿಲ್ಲ. ತನ್ನ ಪ್ರೊಸೆಸರಿಗೆ ತಕ್ಕಂತೆ ಗಣಿತದ ಲೈಬ್ರರಿಯನ್ನು ಕಟ್ಟಬಯಸುವವನು ಅದನ್ನು ಹೆಸರಿಸಿ ಸಿದ್ಧ ಪ್ಯಾಕೇಜುಗಳಿಂದ ಹೊರಗಿಡಬೇಕಾಗುತ್ತದೆ. ಈ ಕೊರತೆಯನ್ನು ನಾವು ಅಲ್ಪವೆಂದು ಎಣಿಸಲಾರೆವು.

ಡೆಬಿಯನ್ನಿನ ರೀತಿ ಬೇರೆ. ಸ್ವತಃ ಕಟ್ಟಿದುದಕ್ಕೆ ಅಲ್ಲಿ '/ಯೂಎಸ್‌ಆರ್/ಲೋಕಲ್' ಎಂಬ ಪ್ರತ್ಯೇಕ ಸ್ಥಾನವುಂಟು. ಪ್ಯಾಕೇಜು ವ್ಯವಸ್ಥೆ ಅಲ್ಲಿಯ ಕಡತಗಳನ್ನು ಮುಟ್ಟುವುದಿಲ್ಲ. ಇದರಿಂದ ಘರ್ಷಣೆ ತಪ್ಪುತ್ತದೆ, ಎಚ್ಚರವೂ ತಪ್ಪುತ್ತದೆ. ಭದ್ರತಾ ದೋಷವನ್ನು ತಿದ್ದಿದ ಹೊಸ ಪ್ಯಾಕೇಜು ಬಂದರೂ, ಕೈಯಿಂದ ಕಟ್ಟಿದ ಹಳೆಯ ಪ್ರತಿಯೇ ಮುಂದಾಗಿ ಬಳಕೆಯಾಗುತ್ತಿರಬಹುದು. ಯಂತ್ರವು ಸುರಕ್ಷಿತವೆಂದು ತೋರುತ್ತಲೇ ಅರಕ್ಷಿತವಾಗಿ ಉಳಿಯುತ್ತದೆ.

ಹೀಗಿರಲಾಗಿ, ದೋಷವಿರುವುದು ಬೆರಕೆಯಲ್ಲಿ ಅಲ್ಲ, ಲೆಕ್ಕವಿಲ್ಲದ ಬೆರಕೆಯಲ್ಲಿ. ಕಂಪೈಲಾಗಲು ಬಹುಕಾಲ ಹಿಡಿಯುವ ಲಿಬ್ರೆ ಆಫೀಸಿನಂಥವನ್ನು ಸಿದ್ಧವಾಗಿಯೇ ಪಡೆದು, ಸಕಾರಣವಾದ ಕಡೆ ಮಾತ್ರ ಮೂಲದಿಂದ ಕಟ್ಟುವುದು ಕಾಲೇಜಿನ ಪ್ರಯೋಗಶಾಲೆಗೂ ಯುಕ್ತವೇ. ಆದರೆ ಎರಡರ ಲೆಕ್ಕವೂ ಒಂದೇ ಪುಸ್ತಕದಲ್ಲಿರಬೇಕು. ಜೆಂಟೂವಿನ ನಿರ್ಧಾರವನ್ನು ನಾವು ಒಪ್ಪುವುದು ಈ ನಿಯಮಕ್ಕೆ ಅದು ಬಹುಮಟ್ಟಿಗೆ ಬದ್ಧವಾಗಿರುವುದರಿಂದ.