ಮೂರು ಟೆಸ್ಟ್‌ಗಳ ಕೀಪರ್

ದೆಹಲಿಯ ಜನಕಪುರಿಯ ಪಾರ್ಕುಗಳಲ್ಲಿ ಗ್ಲೌಸ್ ತೊಡುವ ಹುಡುಗರಿಗೆ ಈಗ ರಿಷಭ್ ಪಂತ್ ಆಗುವ ಆಸೆ. ಕೀಪರ್ ಎಂದಮೇಲೆ ಸಿಕ್ಸರ್ ಹೊಡೆಯಲೇಬೇಕು. ಈ ಅಳತೆಗೋಲು ಹಿಡಿದರೆ ನಮ್ಮ ಬೆಂಗಳೂರಿನ ಸದಾನಂದ ವಿಶ್ವನಾಥ್ ಲೆಕ್ಕಕ್ಕೇ ಬರುವುದಿಲ್ಲ: 3 ಟೆಸ್ಟ್‌ಗಳಲ್ಲಿ 31 ರನ್, 22 ಏಕದಿನ ಪಂದ್ಯಗಳಲ್ಲಿ 72 ರನ್. ಬ್ಯಾಟಿಂಗ್ ದುರ್ಬಲವಾಗಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕೀಪರ್‌ನನ್ನು ಮೊದಲು ಅಳೆಯಬೇಕಾದದ್ದು ಸ್ಟಂಪ್‌ಗಳ ಹಿಂದೆ.

1985ರ ಮಾರ್ಚ್ 10, ಮೆಲ್ಬರ್ನ್. ವಿಶ್ವ ಚಾಂಪಿಯನ್‌ಶಿಪ್ ಫೈನಲ್, ಎದುರಿಗೆ ಪಾಕಿಸ್ತಾನ. 48 ರನ್ ಗಳಿಸಿ ಬೇರೂರಿದ್ದ ಜಾವೇದ್ ಮಿಯಾಂದಾದ್ ಲಕ್ಷ್ಮಣ್ ಶಿವರಾಮಕೃಷ್ಣನ್ ಅವರ ಲೆಗ್‌ಸ್ಪಿನ್‌ಗೆ ಕ್ರೀಸ್ ಬಿಟ್ಟರು. ಚೆಂಡು ಬ್ಯಾಟಿಗೆ ಸಿಗಲಿಲ್ಲ, ವಿಶ್ವನಾಥ್ ಬೇಲ್ಸ್ ಹಾರಿಸಿದರು. ಬ್ಯಾಟ್ಸ್‌ಮನ್ನನ್ನೇ ಏಮಾರಿಸಿದ ತಿರುವನ್ನು ಅವನ ಬೆನ್ನ ಹಿಂದೆ ಕೂತವನು ಮೊದಲೇ ಓದಿರಬೇಕು. ಆ ಕೈಗಳಲ್ಲಿ ತಡವರಿಕೆಯೇ ಇರಲಿಲ್ಲ. ಏಕದಿನ ಪಂದ್ಯಗಳ ಅವರ 24 ಬಲಿಗಳಲ್ಲಿ 7 ಸ್ಟಂಪಿಂಗ್. ಸ್ಪಿನ್ನರ್‌ಗೆ ಧೈರ್ಯವಾಗಿ ಚೆಂಡು ತೇಲಿಸುವ ಭರವಸೆ ಕೊಡುತ್ತಿದ್ದುದು ಇದೇ ಕೀಪಿಂಗ್. ಓವರ್ ಉದ್ದಕ್ಕೂ ಬೌಲರ್‌ಗಳನ್ನು ಹುರಿದುಂಬಿಸುತ್ತಿದ್ದ ಅವರ ಕೂಗು ಸ್ಕೋರ್‌ಕಾರ್ಡಿನಲ್ಲಿ ಎಲ್ಲೂ ಇಲ್ಲ. ಆ ಟೂರ್ನಿಯ ಐದು ಪಂದ್ಯಗಳಲ್ಲಿ ಭಾರತ ಎದುರಾಳಿಗಳ 50 ವಿಕೆಟ್‌ಗಳಲ್ಲಿ 49 ಕಬಳಿಸಿತು. ಅದರ ಶ್ರೇಯಸ್ಸಿನಲ್ಲಿ ಈ ಹುಡುಗನಿಗೆ ದೊಡ್ಡ ಪಾಲು ಕೊಟ್ಟವರು ನಾಯಕ ಗಾವಸ್ಕರ್. ಆಗ ವಿಶ್ವನಾಥ್‌ಗೆ 22 ವರ್ಷ.

ದೆಹಲಿಯವರಿಗೆ ಸುರೀಂದರ್ ಖನ್ನಾ ನೆನಪಿರಬೇಕು. 1984ರಲ್ಲಿ ಶಾರ್ಜಾದ ಮೊದಲ ಏಷ್ಯಾ ಕಪ್‌ನಲ್ಲಿ ಎರಡೂ ಪಂದ್ಯಗಳಲ್ಲಿ ಅರ್ಧಶತಕ ಬಾರಿಸಿ ಸರಣಿಶ್ರೇಷ್ಠರಾದ ಕೀಪರ್. ಅವರಿಗೆ ದಕ್ಕಿದ್ದು ಒಟ್ಟು 10 ಏಕದಿನ ಪಂದ್ಯ. ಟೆಸ್ಟ್ ಒಂದೂ ಇಲ್ಲ. ರನ್ ಗಳಿಸಿದ ದೆಹಲಿಯವರೂ ಉಳಿಯಲಿಲ್ಲ, ಗ್ಲೌಸಿನಿಂದ ಗೆಲ್ಲಿಸಿದ ಬೆಂಗಳೂರಿನವರೂ ಉಳಿಯಲಿಲ್ಲ. ಕೀಪರ್‌ನಿಂದ ತಮಗೆ ಏನು ಬೇಕೆಂದು ಆಯ್ಕೆಗಾರರಿಗೇ ಸ್ಪಷ್ಟವಿರಲಿಲ್ಲ ಎಂದೇ ನನಗನ್ನಿಸುತ್ತದೆ.

ವಿಶ್ವನಾಥ್ ಆಡಿದ ಮೂರೂ ಟೆಸ್ಟ್‌ಗಳು 1985ರ ಶ್ರೀಲಂಕಾ ಪ್ರವಾಸದಲ್ಲಿ. ಭಾರತ ಸರಣಿ ಸೋತಿತು, ಆದರೆ ಇವರು 11 ಕ್ಯಾಚ್ ಹಿಡಿದರು. ಬಹುಮಾನವಾಗಿ ಸಿಕ್ಕಿದ್ದು ಹೊರಬಾಗಿಲು! ಮುಂದಿನ ಆಸ್ಟ್ರೇಲಿಯಾ ಪ್ರವಾಸಕ್ಕೆ ಹಿಂದಿನ ಕೀಪರ್ ಕಿರ್ಮಾನಿ ತಂಡಕ್ಕೆ ಮರಳಿದರು, 1986ರ ಇಂಗ್ಲೆಂಡ್ ಪ್ರವಾಸದಲ್ಲಿ ಕಿರಣ್ ಮೋರೆ ಬಂದರು. ಇಬ್ಬರೂ ಅರ್ಹರೇ, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ವರ್ಷದೊಳಗೆ ಮೂವರನ್ನು ಬದಲಿಸಿದ ಅವಸರದ ಬಗ್ಗೆ. ಆ ವರ್ಷಗಳಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಿದ್ದ ಯುವಕನಿಗೆ ಆಗ ಬೇಕಿದ್ದುದು ಬೆನ್ನಿಗೆ ನಿಲ್ಲುವವರು.

ಕಡಿಮೆ ಟೆಸ್ಟ್ ಆಡಿದ್ದಕ್ಕೆ ಕಾಲವನ್ನೇ ದೂರಬಹುದಾದವರೂ ಇದ್ದಾರೆ. ದತ್ತಾರಾಂ ಹಿಂಡ್ಲೇಕರ್ ಎಂಬ ಕೀಪರ್ 1936ರಲ್ಲಿ ಒಂದು, 1946ರಲ್ಲಿ ಮೂರು ಟೆಸ್ಟ್ ಆಡಿದರು. ನಡುವಿನ ವರ್ಷಗಳನ್ನು ಮಹಾಯುದ್ಧ ನುಂಗಿತ್ತು. ವಿಶ್ವನಾಥ್ ಕಾಲದಲ್ಲಿ ಯಾವ ಯುದ್ಧವೂ ಇರಲಿಲ್ಲ. ಹಾಗಾಗಿ ಹೊಣೆಯನ್ನು ಕಾಲದ ಮೇಲೆ ಹೊರಿಸಲಾಗದು.

ವಿಶ್ವನಾಥ್ ಆಮೇಲೆ ಅಂಪೈರ್ ಆಗಿ ಮೈದಾನಕ್ಕೆ ಮರಳಿದರು. ಆದರೆ ಕೀಪಿಂಗ್ ಎಂದರೇನೆಂದು ತಿಳಿಯಲು ಮೆಲ್ಬರ್ನ್ ಫೈನಲ್‌ನ ತುಣುಕುಗಳನ್ನು ಮಕ್ಕಳಿಗೆ ತೋರಿಸಿ. ಶಿವರಾಮಕೃಷ್ಣನ್ ಬೌಲಿಂಗಿಗೆ ಬಂದಾಗ ಬ್ಯಾಟ್ಸ್‌ಮನ್ನನ್ನು ಬಿಟ್ಟು ಕೀಪರ್‌ನನ್ನು ನೋಡಲು ಹೇಳಿ.