ತಕ್ಕಡಿಯ ತಪಾಸಣೆ: ಕರ್ನಲ್ ಪರೀಕ್ಷಾ ಸಾಧನಗಳಲ್ಲಿ ಕಿರು ತಿದ್ದುಪಡಿಗಳ ವಿಮರ್ಶೆ

ಕಂಪ್ಯೂಟರಿನ ಯಂತ್ರಾಂಶಕ್ಕೂ ಬಳಕೆದಾರರ ತಂತ್ರಾಂಶಗಳಿಗೂ ನಡುವೆ ನಿಂತು ಮೆಮೊರಿ, ಕಡತ, ಜಾಲಸಂಪರ್ಕಗಳನ್ನು ನಿರ್ವಹಿಸುವ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್ಲಿನ ಆಕರ ಸಂಕೇತದೊಳಗೇ ಅದನ್ನು ಪರೀಕ್ಷಿಸುವ ಕೆಸೆಲ್ಫ್‌ಟೆಸ್ಟ್ ಎಂಬ ಪರೀಕ್ಷೆಗಳ ಸಮೂಹವಿದೆ. ಪ್ರತ್ಯೇಕವಾಗಿ ಬೆಳೆದ ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್ ಎಂಬ ಮತ್ತೊಂದು ಸಮೂಹದ ಪಾಲನೆಯಲ್ಲಿ ಐಬಿಎಂನ ಬೆಂಗಳೂರು ಎಂಜಿನಿಯರುಗಳೂ ದುಡಿದಿದ್ದಾರೆ. ಇಂಥ ಸಾಧನಗಳಿಗೆ ಬರುವ ತಿದ್ದುಪಡಿಗಳು, ಅಂದರೆ ಪ್ಯಾಚ್‌ಗಳು, ಅನೇಕ ಸಲ ನಾಲ್ಕಾರು ಸಾಲುಗಳನ್ನು ಮೀರುವುದಿಲ್ಲವಾದ್ದರಿಂದ ಅವುಗಳ ಪರಿಶೀಲನೆಯೂ ಹಗುರವಾದ ಕೆಲಸವೆಂಬ ಭಾವನೆ ಸುಲಭವಾಗಿ ಹುಟ್ಟುತ್ತದೆ. ಆ ಭಾವನೆ ತಪ್ಪು.

ಕೆಸೆಲ್ಫ್‌ಟೆಸ್ಟಿನ ನಿರ್ವಾಹಕಿ ಶುವಾ ಖಾನ್ 2018ರಲ್ಲಿ ಕೈಗೊಂಡ ತಿದ್ದುಪಡಿಗಳ ಸರಣಿ ಇದಕ್ಕೆ ನಿದರ್ಶನ. ಪ್ರತಿ ಪರೀಕ್ಷೆಯೂ ಮುಗಿಯುವಾಗ ಒಂದು ಅಂಕಿಯನ್ನು ಹಿಂದಿರುಗಿಸುತ್ತದೆ: 0 ಎಂದರೆ ತೇರ್ಗಡೆ, 1 ಎಂದರೆ ವೈಫಲ್ಯ, 4 ಎಂದರೆ ಪರೀಕ್ಷೆಯನ್ನು ನಡೆಸಲಾಗದೆ ಕೈಬಿಡಲಾಗಿದೆ. ಅಗತ್ಯವಾದ ಸೌಲಭ್ಯವೊಂದು ಯಂತ್ರದಲ್ಲಿ ಇಲ್ಲದಿದ್ದಾಗ ಹಲವು ಪರೀಕ್ಷೆಗಳು 0 ಎಂದೇ ಹೇಳಿ ಮುಗಿಯುತ್ತಿದ್ದವು. ನಡೆಯದ ಪರೀಕ್ಷೆ ತೇರ್ಗಡೆಯ ಲೆಕ್ಕಕ್ಕೆ ಸೇರುತ್ತಿತ್ತು. ಆ ಸರಣಿಯಲ್ಲಿ ಬದಲಾದದ್ದು ಬಹುಮಟ್ಟಿಗೆ 0ರ ಜಾಗಕ್ಕೆ ಬಂದ 4 ಎಂಬ ಒಂದು ಅಂಕಿ ಮಾತ್ರ, ಆದರೆ ಫಲಿತಾಂಶದ ಪಟ್ಟಿಯನ್ನು ಓದುವವರಿಗೆ ಸತ್ಯವನ್ನು ತಿಳಿಸಿದ್ದು ಆ ಒಂದು ಅಂಕಿಯೇ.

ಕೈವಾರದ ಸುತ್ತಲಿನ ರೇಷ್ಮೆ ಬೆಳೆಗಾರರಿಗೆ, ಅಳೆಯುವ ಸಾಧನವೇ ತಪ್ಪಬಾರದೆಂಬ ಈ ಮಾತು ಬಲು ಬೇಗ ಅರ್ಥವಾಗುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡಿನ ಗುಣ ಎಷ್ಟೇ ಚೆನ್ನಾಗಿದ್ದರೂ ತಕ್ಕಡಿ ತಪ್ಪಿದರೆ ಬೆಲೆ ತಪ್ಪುತ್ತದೆ. ಆದ್ದರಿಂದಲೇ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಪರೀಕ್ಷಾ ಸಾಧನವೂ ಅಂಥದೇ ತಕ್ಕಡಿ: ಕರ್ನಲ್ಲಿನಲ್ಲಿ ದೋಷವಿದ್ದರೆ ಪರೀಕ್ಷೆ ಅದನ್ನು ಹಿಡಿಯಬಹುದು, ಪರೀಕ್ಷೆಯಲ್ಲೇ ದೋಷವಿದ್ದರೆ ಅದನ್ನು ಹಿಡಿಯಲು ಪರಿಶೀಲಕರ ಕಣ್ಣಲ್ಲದೆ ಬೇರೆ ಸಾಧನ ವಿರಳ.

ಕರ್ನಲ್ ಪ್ಯಾಚ್‌ಗಳನ್ನು ಪರಿಶೀಲಿಸುವ ಪದ್ಧತಿಯಲ್ಲಿ ಮೆಚ್ಚತಕ್ಕ ಗುಣಗಳಿವೆ. ಒಂದು ಪ್ಯಾಚ್ ಒಂದೇ ಕೆಲಸ ಮಾಡಬೇಕು, ಅದರ ಕಾರಣವನ್ನು ವಿವರಣೆಯಲ್ಲಿ ಬರೆಯಬೇಕು, ಬರೆದವರೂ ಪರಿಶೀಲಿಸಿದವರೂ ತಮ್ಮ ಹೆಸರನ್ನು ದಾಖಲಿಸಬೇಕು ಎಂಬ ನಿಯಮಗಳು ಹೊಣೆಗಾರಿಕೆಯನ್ನು ಸ್ಪಷ್ಟವಾಗಿ ನಿಲ್ಲಿಸುತ್ತವೆ. ಆದರೆ ಬದಲಾದ ಸಾಲುಗಳನ್ನಷ್ಟೇ ಓದಿ ಒಪ್ಪಿಗೆ ಕೊಡುವ ಪರಿಶೀಲನೆ ಈ ನಿಯಮಗಳ ಅಕ್ಷರವನ್ನು ಪಾಲಿಸಿದರೂ ಉದ್ದೇಶವನ್ನು ಕಳೆದುಕೊಳ್ಳುತ್ತದೆ, ಏಕೆಂದರೆ ಬದಲಾಗದ ಸಾಲುಗಳಲ್ಲೇ ಬದಲಾವಣೆಯ ಪರಿಣಾಮ ಅಡಗಿರುತ್ತದೆ. 4 ಎಂಬ ಅಂಕಿಯೂ ದುರುಪಯೋಗವಾಗಬಲ್ಲದು: ನಿಜವಾದ ವೈಫಲ್ಯವನ್ನು ‘ಕೈಬಿಡಲಾಗಿದೆ’ ಎಂದು ಗುರುತಿಸಿದರೆ ಹಳೆಯ ಸುಳ್ಳಿನ ಜಾಗಕ್ಕೆ ಹೊಸ ಸುಳ್ಳು ಬಂದಂತಾಗುತ್ತದೆ.

ಆದುದರಿಂದ ಪರೀಕ್ಷೆಯನ್ನು ತಿದ್ದುವ ಪ್ಯಾಚ್ ಎಷ್ಟೇ ಚಿಕ್ಕದಾಗಿರಲಿ, ಸರಿಯಾದ ಕರ್ನಲ್ಲಿನಲ್ಲಿ ಆ ಪರೀಕ್ಷೆ ತೇರ್ಗಡೆಯಾಗುವುದನ್ನು ಮಾತ್ರವಲ್ಲದೆ, ದೋಷವಿರುವ ಕರ್ನಲ್ಲಿನಲ್ಲಿ ವಿಫಲವಾಗುವುದನ್ನೂ, ಸೌಲಭ್ಯವಿಲ್ಲದ ಯಂತ್ರದಲ್ಲಿ ತಾನು ನಡೆಯಲಿಲ್ಲವೆಂದು ಒಪ್ಪಿಕೊಳ್ಳುವುದನ್ನೂ ಪರಿಶೀಲಕರು ಕಂಡಿರಬೇಕು. ಈ ಮೂರನ್ನೂ ನೋಡದೆ ಹಾಕಿದ ಸಹಿ ತಕ್ಕಡಿಯನ್ನು ಪರೀಕ್ಷಿಸದೆ ಒತ್ತಿದ ಮುದ್ರೆಗೆ ಸಮಾನ.