ಐವರಲ್ಲಿ ಒಬ್ಬ ಬಿದ್ದಾಗ

2021ರ ಫೆಬ್ರುವರಿ 7ರ ರಾತ್ರಿ, ಫ್ಲಾರಿಡಾದ ಟ್ಯಾಂಪಾ ನಗರ. ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಪಂದ್ಯ ಕೊನೆಯ ಹಂತದಲ್ಲಿತ್ತು. ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಚೆಂಡು ಹಿಡಿದು ಹಿಂದೆ ಹಿಂದೆ ಓಡುತ್ತಿದ್ದರು. ಬೆನ್ನಟ್ಟಿ ಬಂದವನೊಬ್ಬ ಕಾಲಿಗೆ ತೊಡರಿಕೊಂಡ. ಮಹೋಮ್ಸ್ ಮುಗ್ಗರಿಸಿದರು. ಮೈ ನೆಲಕ್ಕೆ ಅಡ್ಡಲಾಗಿ ಗಾಳಿಯಲ್ಲಿದ್ದಾಗಲೇ ತೋಳು ಬೀಸಿ ಚೆಂಡು ಎಸೆದರು. ಅದು ಅಂಕ ಗಳಿಸುವ ಎಂಡ್ ಜೋನ್‌ನಲ್ಲಿ ನಿಂತಿದ್ದ ಸಹ ಆಟಗಾರ ಡ್ಯಾರೆಲ್ ವಿಲಿಯಮ್ಸ್ ಅವರ ಹೆಲ್ಮೆಟ್ಟಿನ ಜಾಲರಿಗೇ ಬಡಿದು ಕೆಳಗೆ ಬಿತ್ತು. ಅಂಥ ಎಸೆತವನ್ನು ಇನ್ನೊಬ್ಬರು ಕನಸಿನಲ್ಲೂ ಎಸೆಯಲಾರರು. ಫಲ ಮಾತ್ರ ಸೊನ್ನೆ.

ಆ ಪಂದ್ಯದಲ್ಲಿ ಚೀಫ್ಸ್ 9, ಟ್ಯಾಂಪಾ ಬೇ ಬಕನೀರ್ಸ್ 31. ಮಹೋಮ್ಸ್ 56 ಸಲ ಎಸೆಯಲೆಂದು ಹಿಂದೆ ಸರಿದರು. ಅದರಲ್ಲಿ 29 ಸಲ ಎದುರಾಳಿಗಳು ಮೈಮೇಲೆ ಬಂದೇಬಿಟ್ಟಿದ್ದರು. ಸೂಪರ್ ಬೌಲ್ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾವ ಕ್ವಾರ್ಟರ್‌ಬ್ಯಾಕ್ ಮೇಲೂ ಅಷ್ಟು ಒತ್ತಡ ಬಿದ್ದಿರಲಿಲ್ಲ. ಚೆಂಡು ಕೈಬಿಡುವ ಮೊದಲು ಅವರು ಅತ್ತಿಂದಿತ್ತ ಓಡಿದ ದೂರವನ್ನು ಕೂಡಿದರೆ 497 ಗಜವಾಯಿತು. ಮೈದಾನವೇ 100 ಗಜ ಉದ್ದದ್ದು.

ಮರುದಿನ ಎಲ್ಲರೂ ಮಹೋಮ್ಸ್ ಬಗ್ಗೆ ಮಾತಾಡಿದರು. ಮಾತಾಡಬೇಕಾಗಿದ್ದುದು ಅವರ ಮುಂದೆ ನಿಂತಿದ್ದ ಐವರ ಬಗ್ಗೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆ ಐವರ ಸಾಲಿಗೆ ಆಫೆನ್ಸಿವ್ ಲೈನ್ ಎನ್ನುತ್ತಾರೆ. ನಡುವೆ ಸೆಂಟರ್, ಅವರ ಎರಡೂ ಪಕ್ಕಕ್ಕೆ ಗಾರ್ಡ್‌ಗಳು, ಎರಡು ತುದಿಗಳಲ್ಲಿ ಟ್ಯಾಕಲ್‌ಗಳು. ಬಹುತೇಕ ಎಲ್ಲರೂ 135 ಕಿಲೊ ಮೀರಿದ ಆಳುಗಳು. ಸೆಂಟರ್ ಕಾಲುಗಳ ನಡುವಿನಿಂದ ಚೆಂಡು ಹಿಂದಕ್ಕೆ ಕೊಟ್ಟ ಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟು ಹೊತ್ತು ನುಗ್ಗುವವರನ್ನು ತಡೆದು ನಿಲ್ಲಿಸುವುದೇ ಇವರ ಕಾಯಕ. ಅಂಗಿ ಹಿಡಿದು ಎಳೆದರೆ 10 ಗಜ ದಂಡ. ಸಾಮಾನ್ಯವಾಗಿ ಚೆಂಡು ಹಿಡಿಯುವ ಹಕ್ಕೂ ಇವರಿಗಿಲ್ಲ, ಅಂಕಪಟ್ಟಿಯಲ್ಲಿ ಹೆಸರೂ ಬರುವುದಿಲ್ಲ. ಟಿವಿಯಲ್ಲಿ ಇವರ ಹೆಸರು ಕೇಳಿಬರುವುದು ಹೆಚ್ಚಾಗಿ ತಪ್ಪು ಮಾಡಿದಾಗ.

ಆ ರಾತ್ರಿ ಚೀಫ್ಸ್ ಸಾಲಿನಲ್ಲಿ ಆಗಿದ್ದೇನು? ಬಲ ಟ್ಯಾಕಲ್ ಮಿಚೆಲ್ ಶ್ವಾರ್ಟ್ಜ್ ಬೆನ್ನುನೋವಿನಿಂದ ಅಕ್ಟೋಬರ್‌ನಲ್ಲೇ ಹೊರಗೆ ಕೂತಿದ್ದರು. ಗಾರ್ಡ್ ಲೋರಾಂ ಡುವೆರ್ನೆ-ಟಾರ್ಡಿಫ್ ವೈದ್ಯರೂ ಹೌದು. ಕೊರೊನಾ ಕಾಲದಲ್ಲಿ ಆಟ ಬಿಟ್ಟು ಕೆನಡಾದ ಕ್ವಿಬೆಕ್‌ನಲ್ಲಿ ವೃದ್ಧರ ಆರೈಕೆ ಕೇಂದ್ರಕ್ಕೆ ಸೇವೆಗೆ ಹೋಗಿದ್ದರು. 2013ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆಯಲ್ಲಿ, ಎಲ್ಲರಿಗಿಂತ ಮೊದಲು ಆಯ್ಕೆಯಾಗಿದ್ದ ಎಡ ಟ್ಯಾಕಲ್ ಎರಿಕ್ ಫಿಶರ್ ಅವರ ಹಿಮ್ಮಡಿಯ ಸ್ನಾಯುರಜ್ಜು ಸೂಪರ್ ಬೌಲ್‌ಗೆ ಎರಡು ವಾರ ಮೊದಲು ಹರಿದುಹೋಯಿತು. ಇಷ್ಟು ಪೆಟ್ಟು ಬಿದ್ದ ತಂಡ ಸೋತದ್ದರಲ್ಲಿ ಆಶ್ಚರ್ಯವಿಲ್ಲ ಎನ್ನಬಹುದು.

ಆದರೆ ಪೆಟ್ಟಿಗಿಂತ ಪೆಟ್ಟಿಗೆ ಕೊಟ್ಟ ಮದ್ದೇ ಹೆಚ್ಚು ಕೆಡಿಸಿತು. ಫಿಶರ್ ಜಾಗ ತುಂಬಲು, ಬಲ ಟ್ಯಾಕಲ್ ಆಗಿ ಆಡುತ್ತಿದ್ದ ಮೈಕ್ ರೆಮ್ಮರ್ಸ್ ಅವರನ್ನು ಎಡಕ್ಕೆ ತಂದರು. ಅಲ್ಲಿ ಖಾಲಿಯಾದ ಜಾಗಕ್ಕೆ ಬಲ ಗಾರ್ಡ್ ಆ್ಯಂಡ್ರೂ ವೈಲಿ ಹೋದರು. ವೈಲಿ ಬಿಟ್ಟ ಜಾಗಕ್ಕೆ ಸ್ಟೀಫನ್ ವಿಸ್ನೆವ್ಸ್ಕಿ ಬಂದರು. ಬಿದ್ದದ್ದು ಒಬ್ಬರು, ಕದಲಿದ್ದು ಮೂರು ಸ್ಥಾನ. ಎಡ ಟ್ಯಾಕಲ್ ಚೆಂಡು ಕದಲಿದ ಕ್ಷಣ ಎಡಗಾಲನ್ನು ಹಿಂದಕ್ಕೆ ಜಾರಿಸುತ್ತಾನೆ, ಬಲಗೈಯಿಂದ ಒಳದಾರಿ ಮುಚ್ಚುತ್ತಾನೆ. ಬಲಕ್ಕೆ ನಿಂತರೆ ಇದೆಲ್ಲ ಅದಲುಬದಲು. ವರ್ಷಗಟ್ಟಲೆ ಸಾವಿರಾರು ಸಲ ಮಾಡಿ ಮೈಗೂಡಿದ ಹೆಜ್ಜೆಯನ್ನು ಎರಡು ವಾರದಲ್ಲಿ ತಿರುವಿ ಹಾಕು ಎಂದರೆ ಕಾಲು ಕೇಳುವುದಿಲ್ಲ. ಅರ್ಧ ಹೆಜ್ಜೆ ತಡವಾದರೂ ಎದುರಾಳಿ ಹೆಗಲು ದಾಟಿ ಹೋಗಿರುತ್ತಾನೆ.

ಅದೇ ರಾತ್ರಿ, ಅದೇ ಮೈದಾನದಲ್ಲಿ ಎದುರು ತಂಡ ಏನು ಮಾಡಿತ್ತು ಎಂಬುದನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಬಕನೀರ್ಸ್ ತಂಡಕ್ಕೂ ಪೆಟ್ಟು ಬಿದ್ದಿತ್ತು. ಬಲ ಗಾರ್ಡ್ ಅಲೆಕ್ಸ್ ಕ್ಯಾಪ್ಪಾ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕಾಲಿನ ಕೀಲು ಮುರಿದುಕೊಂಡಿದ್ದರು. ಅವರ ಜಾಗಕ್ಕೆ ಆ್ಯರನ್ ಸ್ಟಿನಿ ಬಂದರು, ಅಷ್ಟೇ. ಉಳಿದ ನಾಲ್ವರು ನಿಂತಲ್ಲೇ ನಿಂತರು. ಸ್ಟಿನಿ ಹೆಸರಾಂತ ಆಟಗಾರರಲ್ಲ. ಆದರೆ ಅವರ ಒಂದು ಪಕ್ಕಕ್ಕೆ ಸೆಂಟರ್ ರಯಾನ್ ಜೆನ್ಸನ್, ಇನ್ನೊಂದು ಪಕ್ಕಕ್ಕೆ ಆ ಋತುವಿನ ಡ್ರಾಫ್ಟ್‌ನಲ್ಲಷ್ಟೇ 13ನೇ ಆಯ್ಕೆಯಾಗಿ ಬಂದಿದ್ದ ಟ್ರಿಸ್ಟನ್ ವರ್ಫ್ಸ್ ಇದ್ದರು. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಪಳಗಿದವರು. ಬಕನೀರ್ಸ್ ಕ್ವಾರ್ಟರ್‌ಬ್ಯಾಕ್, 43 ವರ್ಷದ ಟಾಮ್ ಬ್ರೇಡಿ ಆ ಪಂದ್ಯದಲ್ಲಿ ಒಂದೇ ಒಂದು ಸಲ ಸ್ಯಾಕ್ ಆದರು, ಅಂದರೆ ಚೆಂಡು ಎಸೆಯುವ ಮೊದಲೇ ನೆಲಕ್ಕುರುಳಿದರು.

ಕುಸಿದ ಸಾಲನ್ನು ಎತ್ತಿ ನಿಲ್ಲಿಸುವ ಬಗೆ ಯಾವುದು ಎಂದು ಕೇಳುವವರು ಮೊದಲು ನೋಡಬೇಕಾದ್ದು ಈ ಎರಡು ನಿರ್ಧಾರಗಳನ್ನು. ದುಡ್ಡು, ಡ್ರಾಫ್ಟ್, ತರಬೇತುದಾರ ಎಲ್ಲ ಆಮೇಲೆ.

ಚೀಫ್ಸ್ ಆಡಳಿತ ಆ ಸೋಲನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸುಮಾರು ಒಂದು ತಿಂಗಳಲ್ಲಿ ಫಿಶರ್ ಮತ್ತು ಶ್ವಾರ್ಟ್ಜ್ ಇಬ್ಬರನ್ನೂ ಕೈಬಿಟ್ಟಿತು. ನ್ಯೂ ಇಂಗ್ಲೆಂಡ್‌ನಲ್ಲಿದ್ದ ಎಡ ಗಾರ್ಡ್ ಜೋ ಟೂನಿ ಅವರನ್ನು 5 ವರ್ಷಕ್ಕೆ 8 ಕೋಟಿ ಡಾಲರ್ ಒಪ್ಪಂದದಲ್ಲಿ ಕರೆತಂದಿತು. ಮೊದಲ ಸುತ್ತಿನ ಆಯ್ಕೆಯನ್ನು ಬಾಲ್ಟಿಮೋರ್‌ಗೆ ಬಿಟ್ಟುಕೊಟ್ಟು ಟ್ಯಾಕಲ್ ಒರ್ಲಾಂಡೊ ಬ್ರೌನ್ ಜೂನಿಯರ್ ಅವರನ್ನು ಪಡೆಯಿತು. ಇವೆರಡು ದೊಡ್ಡ ವ್ಯವಹಾರಗಳು. ನಿಜವಾದ ಜಾಣತನ ಕಂಡದ್ದು ಸಣ್ಣ ವ್ಯವಹಾರಗಳಲ್ಲಿ. ಡ್ರಾಫ್ಟ್‌ನ ಎರಡನೇ ಸುತ್ತಿನ ಕೊನೆಯಲ್ಲಿ, 63ನೆಯವರಾಗಿ, ಒಕ್ಲಹೋಮಾದ ಸೆಂಟರ್ ಕ್ರೀಡ್ ಹಂಫ್ರಿ ಸಿಕ್ಕರು. ಎಡಗೈಯಲ್ಲಿ ಚೆಂಡು ಕೊಡುವ ಸೆಂಟರ್ ಅಪರೂಪ, ಹಂಫ್ರಿ ಅಂಥವರು. ಆರನೇ ಸುತ್ತಿನಲ್ಲಿ, 226ನೆಯವರಾಗಿ, ಟೆನೆಸೀಯ ಗಾರ್ಡ್ ಟ್ರೇ ಸ್ಮಿತ್ ಸಿಕ್ಕರು. ಸ್ಮಿತ್ ಅವರ ಶ್ವಾಸಕೋಶದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿತ್ತು, ಆ ಭಯಕ್ಕೆ ಉಳಿದ ತಂಡಗಳು ಕೈಹಾಕಿರಲಿಲ್ಲ. ಹೊಸಬರಿಬ್ಬರೂ ಮೊದಲ ವರ್ಷದ 17 ಪಂದ್ಯಗಳಲ್ಲೂ ಆರಂಭದಿಂದ ಆಡಿದರು.

ಟೂನಿ, ಹಂಫ್ರಿ, ಸ್ಮಿತ್ ಮೂವರೂ ಒಳಗಿನ ಮೂರು ಸ್ಥಾನದವರು ಎಂಬುದನ್ನು ಗಮನಿಸಬೇಕು. ಲೋಕಾಭಿಪ್ರಾಯದಲ್ಲಿ ಎಡ ಟ್ಯಾಕಲ್ಲೇ ದೊಡ್ಡವನು, ಏಕೆಂದರೆ ಬಲಗೈ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವವನು ಅವನು. ಆದರೆ ಅಂಚಿನಿಂದ ಸುತ್ತಿ ಬರುವವನನ್ನು ಮಹೋಮ್ಸ್ ಒಂದು ಹೆಜ್ಜೆ ಮುಂದಿಟ್ಟು ತಪ್ಪಿಸಿಕೊಳ್ಳಬಲ್ಲರು. ನಟ್ಟನಡುವಿನಿಂದ ನುಗ್ಗಿದವನಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ನಡುವೆ ಗಟ್ಟಿಯಿದ್ದರೆ ಅಂಚಿನ ಕೊರತೆಯನ್ನು ಹೇಗೋ ನಿಭಾಯಿಸಬಹುದು: ಸಾಲಿನ ತುದಿಯಲ್ಲಿ ನಿಂತು ಚೆಂಡನ್ನೂ ಹಿಡಿಯುವ ಟೈಟ್ ಎಂಡ್ ಹೊರಡುವ ಮೊದಲು ಎದುರಾಳಿಯ ಪಕ್ಕೆಗೊಂದು ಗುದ್ದು ಕೊಟ್ಟು ಹೋಗಬಹುದು, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಹೆಗಲು ಕೊಡಬಹುದು, ಇಡೀ ಸಾಲು ದುರ್ಬಲ ಬದಿಗೆ ಒಂದು ಹೆಜ್ಜೆ ವಾಲಬಹುದು.

2023ರ ಫೆಬ್ರುವರಿಯಲ್ಲಿ ಅರಿಝೋನಾದಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ಇದರ ಫಲ ಸಿಕ್ಕಿತು. ಎದುರು ತಂಡ ಫಿಲಡೆಲ್ಫಿಯಾ ಈಗಲ್ಸ್. ಆ ಋತುವಿನ ಲೀಗ್ ಹಂತದಲ್ಲಿ 70 ಸ್ಯಾಕ್ ಮಾಡಿದ್ದ ಭಯಂಕರ ರಕ್ಷಣೆ. ಚೀಫ್ಸ್ 38–35ರಿಂದ ಗೆದ್ದಿತು. ಸ್ಯಾಕ್ ಒಂದೂ ಇಲ್ಲ. ಅಂದು ಬಲ ಟ್ಯಾಕಲ್ ಆಗಿ ಆಡಿದವರು, ಎರಡು ವರ್ಷ ಹಿಂದೆ ಟ್ಯಾಂಪಾದಲ್ಲಿ ಅದೇ ಜಾಗದಲ್ಲಿ ತತ್ತರಿಸಿದ್ದ ಆ್ಯಂಡ್ರೂ ವೈಲಿ. ಈ ಸಲ ಅವರು ಆ ಜಾಗದಲ್ಲಿ ಒಂದು ಋತುವಿಡೀ ಆಡಿ ಬಂದಿದ್ದರು, ಪಕ್ಕದಲ್ಲಿ ದಿನವೂ ಅದೇ ಟ್ರೇ ಸ್ಮಿತ್ ಇದ್ದರು.

ಹೀಗೆ ಜೊತೆಯಲ್ಲಿರುವುದೇ ಈ ಸಾಲಿನ ಅರ್ಧ ಬಲ. ರಕ್ಷಣೆಯವರು ಆಗಾಗ ಒಂದು ಆಟ ಹೂಡುತ್ತಾರೆ: ಒಬ್ಬ ಒಳಕ್ಕೆ ನುಗ್ಗಿ ಎದುರಿನ ಇಬ್ಬರನ್ನು ತನ್ನತ್ತ ಸೆಳೆಯುತ್ತಾನೆ, ಅವನ ಬೆನ್ನ ಹಿಂದಿನಿಂದ ಇನ್ನೊಬ್ಬ ಸುತ್ತಿ ಬರುತ್ತಾನೆ. ಆಗ ಗಾರ್ಡ್ ಮತ್ತು ಟ್ಯಾಕಲ್ ಒಂದೇ ಕ್ಷಣದಲ್ಲಿ ತಮ್ಮ ಆಳುಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಮಾತಿಗೆ ಸಮಯವಿಲ್ಲ. ಪಕ್ಕದವನ ಹೆಗಲು ತಿರುಗಿದ್ದನ್ನು ನೋಡಿ ತಿಳಿಯಬೇಕು. 2011ರ ಆಟಗಾರರ ಒಪ್ಪಂದದ ನಂತರ ಲೀಗ್ ಹಂತದುದ್ದಕ್ಕೂ ಪೂರ್ತಿ ಕವಚ ತೊಟ್ಟು ಅಭ್ಯಾಸ ಮಾಡಲು ಅವಕಾಶವಿರುವುದು 14 ದಿನ ಮಾತ್ರ. ಆಟಗಾರರ ಮೈಗೆ ಅದು ಒಳ್ಳೆಯದೇ, ಯಾರೂ ಆಕ್ಷೇಪಿಸಬಾರದು. ಆದರೆ ನಡುಋತುವಿನಲ್ಲಿ ಕೆಟ್ಟ ಸಾಲನ್ನು ನಡುಋತುವಿನಲ್ಲೇ ಅಭ್ಯಾಸದಿಂದ ಸರಿಪಡಿಸುತ್ತೇವೆ ಎಂಬ ಮಾತನ್ನು ನಂಬುವಂತಿಲ್ಲ.

ಸಿನ್ಸಿನಾಟಿ ಬೆಂಗಾಲ್ಸ್ ಕಥೆ ಇನ್ನೊಂದು ಬಗೆಯದು. 2021ರ ಡ್ರಾಫ್ಟ್‌ನಲ್ಲಿ ಟ್ಯಾಕಲ್ ಪೆನೆ ಸ್ಯೂವೆಲ್ ಕೈಗೆಟುಕುವಂತಿದ್ದರೂ ತಂಡ ಚೆಂಡು ಹಿಡಿಯುವ ಜಮಾರ್ ಚೇಸ್ ಅವರನ್ನು ಆರಿಸಿತು. ಹಿಂದಿನ ವರ್ಷವೇ ಮಂಡಿಗೆ ದೊಡ್ಡ ಪೆಟ್ಟು ಮಾಡಿಕೊಂಡಿದ್ದ ಕ್ವಾರ್ಟರ್‌ಬ್ಯಾಕ್ ಜೋ ಬರೋ ಮುಂದೆ ನಿಲ್ಲುವವರಿಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಿತ್ತೇ ಎನ್ನುವಂಥ ಟೀಕೆಗಳು ಬಂದವು. ಚೇಸ್ ಅದ್ಭುತ ಆಟಗಾರರಾದರು, ತಂಡ ಸೂಪರ್ ಬೌಲ್‌ವರೆಗೂ ಹೋಯಿತು. ಆದರೆ ಬರೋ ಆ ವರ್ಷ ಲೀಗ್ ಹಂತದಲ್ಲಿ 51 ಸಲ ನೆಲಕ್ಕುರುಳಿದರು. ಟೆನೆಸೀ ವಿರುದ್ಧದ ಒಂದೇ ಪ್ಲೇಆಫ್ ಪಂದ್ಯದಲ್ಲಿ 9 ಸಲ, ಸೂಪರ್ ಬೌಲ್‌ನಲ್ಲಿ 7 ಸಲ. ಲಾಸ್ ಏಂಜಲೀಸ್ ರ‍್ಯಾಮ್ಸ್ ಎದುರು 23–20ರಿಂದ ಸೋತರು.

ಮರುವರ್ಷ ಬೆಂಗಾಲ್ಸ್ ದುಡ್ಡು ಚೆಲ್ಲಿತು. ಮೂವರು ಅನುಭವಿಗಳು ಬಂದರು: ಲಾಯೆಲ್ ಕಾಲಿನ್ಸ್, ಟೆಡ್ ಕರಾಸ್, ಮತ್ತು ಟ್ಯಾಂಪಾದ ಅದೇ ಅಲೆಕ್ಸ್ ಕ್ಯಾಪ್ಪಾ. ಮೊದಲ ಪಂದ್ಯದಲ್ಲೇ ಪಿಟ್ಸ್‌ಬರ್ಗ್ ಎದುರು ಬರೋ 7 ಸಲ ಸ್ಯಾಕ್ ಆದರು. ಹೊಸಬರಿಗೆ ಇನ್ನೂ ಪರಸ್ಪರ ಪರಿಚಯವೇ ಆಗಿರಲಿಲ್ಲ. ವಾರಗಳು ಕಳೆದಂತೆ ಸಾಲು ಕೂಡಿಕೊಂಡಿತು, ತಂಡ ಗೆಲ್ಲತೊಡಗಿತು. ಆಮೇಲೆ ಋತುವಿನ ಕೊನೆಗೆ ಐವರಲ್ಲಿ ಮೂವರು ಗಾಯಗೊಂಡರು. ಸೂಪರ್ ಬೌಲ್‌ಗೆ ಒಂದು ಹೆಜ್ಜೆ ಮೊದಲು ಚೀಫ್ಸ್ ಎದುರು 5 ಸ್ಯಾಕ್, ಮತ್ತೆ 23–20ರ ಸೋಲು. ಐವರನ್ನು ಕೊಳ್ಳುವ ತಂಡ ಆರನೆಯ, ಏಳನೆಯ ಆಳಿನ ಬಗ್ಗೆಯೂ ಅಷ್ಟೇ ಯೋಚಿಸಬೇಕು. ಆ ಜಾಗದಲ್ಲಿ ಜಿಪುಣತನ ಮಾಡಿದವರು ಜನವರಿಯ ಪ್ಲೇಆಫ್‌ನಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಅಚ್ಚರಿಯೆಂದರೆ, ಇಷ್ಟೆಲ್ಲ ಕಲಿತ ಚೀಫ್ಸ್ ತಂಡವೇ 2024ರಲ್ಲಿ ಪಾಠ ಮರೆಯಿತು. ಎಡ ಟ್ಯಾಕಲ್ ಜಾಗದಲ್ಲಿ ಒಬ್ಬರಾದ ಮೇಲೊಬ್ಬರನ್ನು ನಿಲ್ಲಿಸಿ ನೋಡಿದರು, ಯಾರೂ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಜೋ ಟೂನಿ ಅವರನ್ನೇ ಅಲ್ಲಿಗೆ ಸರಿಸಿದರು. ಲೀಗ್‌ನ ಅತ್ಯುತ್ತಮ ಎಡ ಗಾರ್ಡ್ ಆಗಿದ್ದವರು ಸಾಧಾರಣ ಟ್ಯಾಕಲ್ ಆದರು, ಅವರು ಬಿಟ್ಟ ಜಾಗಕ್ಕೆ ಅನನುಭವಿ ಮೈಕ್ ಕ್ಯಾಲಿಯೆಂಡೊ ಬಂದರು. ಒಂದು ತೂತು ಮುಚ್ಚಲು ಹೋಗಿ ಎರಡಾಯಿತು. 2025ರ ಫೆಬ್ರುವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ಈಗಲ್ಸ್ ಒಂದೇ ಒಂದು ಸಲವೂ ಬ್ಲಿಟ್ಜ್ ಮಾಡಲಿಲ್ಲ, ಅಂದರೆ ನಾಲ್ವರಿಗಿಂತ ಹೆಚ್ಚು ಜನರನ್ನು ನುಗ್ಗಿಸಲೇ ಇಲ್ಲ. ಆ ನಾಲ್ವರೇ ಮಹೋಮ್ಸ್ ಅವರನ್ನು 6 ಸಲ ಕೆಡವಿದರು. ವಿರಾಮಕ್ಕೆ ಅಂಕ 24–0, ಕೊನೆಗೆ 40–22.

ಗೆದ್ದ ಈಗಲ್ಸ್ ಕೂಡ ಒಬ್ಬರ ಸ್ಥಾನ ಬದಲಿಸಿತ್ತು ಎಂದು ಯಾರಾದರೂ ಎತ್ತಿ ತೋರಿಸಿಯಾರು. ನಿಜವೇ. ನ್ಯೂಯಾರ್ಕ್ ಜೆಟ್ಸ್ 2020ರಲ್ಲಿ 11ನೇ ಆಯ್ಕೆಯಾಗಿ ತಂದಿದ್ದ ಟ್ಯಾಕಲ್ ಮೆಕಾಯ್ ಬೆಕ್ಟನ್ ಗಾಯಗಳಲ್ಲೇ ಸೊರಗಿ, 2024ರಲ್ಲಿ ಒಂದು ವರ್ಷದ ಒಪ್ಪಂದಕ್ಕೆ ಫಿಲಡೆಲ್ಫಿಯಾಕ್ಕೆ ಬಂದರು. ಅಲ್ಲಿ ಅವರನ್ನು ಬಲ ಗಾರ್ಡ್ ಮಾಡಿದರು. ಆದರೆ ಯಾವಾಗ? ಬೇಸಿಗೆಯಲ್ಲಿ, ಋತು ಶುರುವಾಗುವ ಮೊದಲು. ಕಲಿಸಿದವರು 2013ರಲ್ಲಿ ಆ ತಂಡ ಸೇರಿದ ಕೋಚ್ ಜೆಫ್ ಸ್ಟೌಟ್‌ಲೆಂಡ್. ಸಿಡ್ನಿಯಲ್ಲಿ ರಗ್ಬಿ ಲೀಗ್ ಆಡುತ್ತಿದ್ದ, ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಿರದ ಜೋರ್ಡನ್ ಮೈಲಾಟಾ ಅವರನ್ನು 2018ರಲ್ಲಿ 233ನೆಯವರಾಗಿ ಪಡೆದು ಎಡ ಟ್ಯಾಕಲ್ ಮಾಡಿದವರೂ ಅವರೇ. ಮೈಲಾಟಾ ಮೊದಲ ಎರಡು ಋತುಗಳಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ, ತಂಡ ಕಾದಿತು. ಬಹುಪಾಲು ತಂಡಗಳಿಗೆ ಇಲ್ಲದ್ದು ಈ ತಾಳ್ಮೆ.

ಶಿಕಾಗೊ ಬೇರ್ಸ್ ಇತ್ತೀಚೆಗೆ ದಾರಿಗೆ ಬಂದ ತಂಡ. 2024ರಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಕ್ಯಾಲೆಬ್ ವಿಲಿಯಮ್ಸ್ 68 ಸಲ ಸ್ಯಾಕ್ ಆಗಿದ್ದರು. 2025ರ ಮಾರ್ಚ್‌ನಲ್ಲಿ ತಂಡ ಒಳಗಿನ ಮೂರು ಸ್ಥಾನಗಳಿಗೂ ಹೊಸಬರನ್ನು ತಂದಿತು: ಸೆಂಟರ್ ಡ್ರೂ ಡಾಲ್ಮನ್, ಗಾರ್ಡ್ ಜೋನಾ ಜಾಕ್ಸನ್, ಮತ್ತು ಚೀಫ್ಸ್‌ನಿಂದ ಜೋ ಟೂನಿ. ಟೂನಿಗೆ ಕೊಟ್ಟ ಬೆಲೆ ನಾಲ್ಕನೇ ಸುತ್ತಿನ ಒಂದೇ ಒಂದು ಆಯ್ಕೆ. ಅವರನ್ನು ನಿಲ್ಲಿಸಿದ್ದು ಎಡ ಗಾರ್ಡ್ ಜಾಗದಲ್ಲೇ. ಹೊಸ ಕೋಚ್ ಬೆನ್ ಜಾನ್ಸನ್ ಹಾಕಿಕೊಟ್ಟ ಆಟವೂ ನೆರವಾಯಿತು. ಆ ಋತುವಿನಲ್ಲಿ ಸ್ಯಾಕ್‌ಗಳು ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿದವು.

ಭಾರತದಲ್ಲಿ ಸೂಪರ್ ಬೌಲ್ ನೋಡಬೇಕೆಂದರೆ ಸೋಮವಾರ ಬೆಳಿಗ್ಗೆ ಐದು ಗಂಟೆಗೆ ಟಿವಿ ಮುಂದೆ ಕೂರಬೇಕು. ಹಾಗೆ ಕೂರುವ ಓದುಗರು ಮುಂದಿನ ಸಲ ಸಾಲಿನಲ್ಲಿ ಯಾರಾದರೂ ಗಾಯಗೊಂಡು ಹೊರನಡೆದಾಗ, ಒಳಗೆ ಬಂದವರು ಯಾರು ಎಂಬುದರ ಜೊತೆಗೆ ಉಳಿದ ನಾಲ್ವರು ಎಲ್ಲಿ ನಿಂತಿದ್ದಾರೆ ಎಂದೂ ಗಮನಿಸಿ. ಅವರಲ್ಲಿ ಒಬ್ಬಿಬ್ಬರು ಜಾಗ ಬದಲಿಸಿದ್ದರೆ, ಆ ತಂಡದ ಕ್ವಾರ್ಟರ್‌ಬ್ಯಾಕ್ ಎಷ್ಟೇ ದೊಡ್ಡವರಿರಲಿ, ಅಂದು ಅವರಿಗೆ ಕಷ್ಟ ಕಾದಿದೆ.